ಸೋಡಾ ಬದ್ಲು ಮನೆ ಪಾನೀಯ: ಮಜ್ಜಿಗೆ, ಮುರುಗಲು, ಅಪ್ಪೆಹುಳಿ, ಅಂಬಲಿ, ಪಾನಕ, ಯಾವ್ದು ನಿಜವಾಗ್ಲೂ ಕೆಲ್ಸಕ್ಕೆ ಬರತ್ತೆ?

ಪೂರ್ತಿ ಓದೋಕೆ ಪುರುಸೊತ್ತಿಲ್ದೋರಿಗೆ ತೀರ್ಪು ಮೊದ್ಲೇ ಹೇಳ್ಬಿಡ್ತೀನಿ. ಬೇಸಿಗೇಲಿ ಫ್ರಿಜ್ ಬಾಗಿಲಲ್ಲಿರೋ ಕೋಲಾ ಬಾಟ್ಲಿ ಜಾಗದಲ್ಲಿ ಬೇರೆ ಏನಾದ್ರೂ ಇಡ್ಬೇಕು ಅಂದ್ರೆ ಮಸಾಲೆ ಮಜ್ಜಿಗೆಗೆ ಐದಕ್ಕೆ ಐದು, ಉಪ್ಪು ಹಾಕಿದ ಮುರುಗಲ ನೀರಿಗೆ (ಅಂಗಡೀಲಿ ಕೋಕಂ ಅಂತಾರಲ್ಲ, ಅದೇ) ನಾಲ್ಕೂವರೆ, ಮಾವಿನ ಮಿಡಿ ಬೇಯಿಸಿ ಮಾಡೋ ಅಪ್ಪೆಹುಳಿಗೆ ನಾಲ್ಕು, ರಾಗಿ ಅಂಬಲಿಗೂ ನಾಲ್ಕು ಆದ್ರೆ ಅದು ಊಟದ ಲೆಕ್ಕಕ್ಕೆ ಹೋಗತ್ತೆ, ಬೆಲ್ಲದ ಪಾನಕಕ್ಕೆ ರುಚೀಲಿ ಐದು, ದಿನಾ ಕುಡಿಯೋ ಲೆಕ್ಕದಲ್ಲಿ ಎರಡೂವರೆ, ಅಂಗಡೀಲಿ ಸಿಗೋ "ಸಾಂಪ್ರದಾಯಿಕ" ಸಿರಪ್ ಬಾಟ್ಲಿಗೆ ಒಂದು, ಅಷ್ಟೇ.

ಮಾರ್ಕ್ಸ್ ಹೀಗೆ ಕೊಟ್ಟಿರೋದಕ್ಕೆ ಕಾರಣ ಇದೆ. ಮನೇಲಿ ಮಾಡಿದ್ದು ಅಂದ ತಕ್ಷಣ ಅದು ಒಳ್ಳೇದು ಅಂತ ಎಲ್ರೂ ಒಪ್ಕೊಂಡ್ಬಿಡ್ತಾರೆ, ಸೋಡಾ ಬಿಟ್ವಿ ಅಂತ ಖುಷೀಲಿ ಬೆಲ್ಲ ಸುರಿದ ಪಾನಕ, ಸಕ್ಕರೆ ಸುರಿದ ನಿಂಬೆ ಶರಬತ್ತು ದಿನಕ್ಕೆ ಮೂರ್ಮೂರು ಲೋಟ ಇಳಿಸ್ತಾರೆ, ಆಮೇಲೆ ತೂಕ ಇಳೀಲಿಲ್ಲ, ಶುಗರ್ ಕಂಟ್ರೋಲಿಗೆ ಬರ್ಲಿಲ್ಲ ಅಂತ ಬೇಜಾರು ಮಾಡ್ಕೋತಾರೆ. ನಮ್ಮ ಕಡೆ ಪಾನೀಯಗಳಲ್ಲಿ ಎರಡು ಜಾತಿ ಇದೆ. ಸಿಹಿ ಮೇಲೆ ನಿಂತಿರೋದು ಒಂದು, ಉಪ್ಪು ಹುಳಿ ಖಾರದ ಮೇಲೆ ನಿಂತಿರೋದು ಇನ್ನೊಂದು. ಸೋಡಾಗೆ ನಿಜವಾದ ಬದಲಿ ಅಂದ್ರೆ ಈ ಎರಡನೇ ಜಾತಿ, ಸಕ್ಕರೆ ಡಬ್ಬ ಮುಟ್ದೇನೇ ರುಚಿ ಬರೋವು. ನಾನು ಮಾರ್ಕ್ಸ್ ಹಾಕಿರೋದು ಪೂರ್ತಿ ಇದೇ ಲೆಕ್ಕದಲ್ಲಿ.

ಸೋಡಾ ಲೆಕ್ಕ ಒಂದ್ಸಲ ನೋಡ್ಬಿಡಿ. ಮಾಮೂಲಿ ಕೋಲಾದಲ್ಲಿ 100 ಮಿಲಿಗೆ ಸುಮಾರು 10ರಿಂದ 11 ಗ್ರಾಂ ಸಕ್ಕರೆ ಇರತ್ತೆ, ಬಾಟ್ಲಿ ಹಿಂದೇನೇ ಬರ್ದಿರತ್ತೆ. ಮನೇಲಿರೋ ಒಂದು ದೊಡ್ಡ ಸ್ಟೀಲ್ ಲೋಟ ಅಂದ್ರೆ 250 ಮಿಲಿ, ಅಲ್ಲಿಗೆ 26 ಗ್ರಾಂ ಆಸುಪಾಸು, ಟೀ ಚಮಚದಲ್ಲಿ ಆರಕ್ಕಿಂತ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿರೋದು ಏನು ಅಂದ್ರೆ ದಿನದ ಒಟ್ಟು ಶಕ್ತೀಲಿ ಹೀಗೆ ಸೇರಿಸ್ಕೊಳ್ಳೋ ಸಕ್ಕರೆ ಪಾಲು ಶೇ 10ರ ಒಳಗಿರ್ಲಿ, ಶೇ 5ರ ಒಳಗಿದ್ರೆ ಇನ್ನೂ ಒಳ್ಳೇದು ಅಂತ, ಆ ಶೇ 5 ಅಂದ್ರೆ ದೊಡ್ಡೋರಿಗೆ ಸುಮಾರು 25 ಗ್ರಾಂ. ಅಂದ್ರೆ ಒಂದೇ ಲೋಟಕ್ಕೆ ದಿನದ ಕೋಟಾ ಮುಗೀತು, ಬೆಳಗ್ಗೆ ಕಾಫಿಗೆ ಹಾಕಿದ್ದು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅಷ್ಟು ಸಕ್ಕರೆ ನಾಲಿಗೆಗೆ ಹೇಗೆ ಗೊತ್ತಾಗಲ್ಲ ಅಂದ್ರೆ ಹುಳಿ ಆಮ್ಲ, ಗ್ಯಾಸು, ಐಸ್ ತಂಪು ಮೂರೂ ಸೇರಿ ಸಿಹೀನ ಅಡಗಿಸಿಡತ್ತೆ. ಗ್ಯಾಸ್ ಹೋಗಿ ಬೆಚ್ಚಗಾದ ಕೋಲಾ ಒಂದು ಗುಟುಕು ಕುಡಿದು ನೋಡಿ, ಗಂಟಲು ಕಟ್ಟೋ ಹಾಗೆ ಸಿಹಿ ಇರತ್ತೆ.

ಈಗ ಮಜ್ಜಿಗೆ. ಇದರ ಬಗ್ಗೆ ಎಷ್ಟು ಬರೆದ್ರೂ ನಂಗೆ ಸಾಲಲ್ಲ.

ಮಜ್ಜಿಗೆ ಅಂತ ಹೆಚ್ಚು ಮನೇಲಿ ಈಗ ಮಾಡೋದು ಮೊಸರಿಗೆ ನೀರು ಬೆರೆಸಿ ಮಿಕ್ಸೀಲಿ ಗಿರ್ ಅನ್ಸಿದ್ದು. ಅದೂ ನಡಿಯತ್ತೆ, ತಪ್ಪೇನಿಲ್ಲ, ಆದ್ರೆ ಕಡೆದು ಬೆಣ್ಣೆ ತೆಗೆದ ಮಜ್ಜಿಗೆ ಬೇರೇನೇ ವಸ್ತು. ಕೆನೆಭರಿತ ಮೊಸರನ್ನ ತಣ್ಣೀರು ಹಾಕಿ ಕಡೆದಾಗ ಬೆಣ್ಣೆ ಮೇಲೆ ಬಂದು ಮುದ್ದೆ ಆಗತ್ತಲ್ಲ, ಅದನ್ನ ತೆಗೆದ್ಮೇಲೆ ಉಳಿಯೋ ನೀರು ನಾಲಿಗೆ ಮೇಲೆ ಜಿಡ್ಡು ಅಂಟಿಸಲ್ಲ, ಬಾಯಲ್ಲಿ ಪದರ ಕಟ್ಟಲ್ಲ, ಅದಕ್ಕೇ ಅದು ದಾಹ ಕಳಿಯೋದು. ಕಡಗೋಲು ಇದ್ರೆ ಚೆಂದ, ಇಲ್ಲಾಂದ್ರೆ ಅಗಲ ಬಾಯಿನ ಬಾಟ್ಲಿಗೆ ಮೊಸರು, ತಣ್ಣೀರು ಹಾಕಿ ಮುಚ್ಚಳ ಬಿಗಿ ಮಾಡಿ ಹತ್ತು ನಿಮಿಷ ಕುಲುಕಿದ್ರೂ ಬೆಣ್ಣೆ ಬರತ್ತೆ, ನಮ್ಮನೇಲಿ ಈ ಕುಲುಕೋ ಕೆಲ್ಸ ಮಗಂದು.

ಮಸಾಲೆ ವಿಷ್ಯಕ್ಕೆ ಬಂದ್ರೆ ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೊಪ್ಪು, ಚಿಟಿಕೆ ಇಂಗು, ಉಪ್ಪು, ಇಷ್ಟೇ ಸಾಕು. ಆದ್ರೆ ಇದನ್ನ ಮಿಕ್ಸಿಗೆ ಹಾಕ್ಬೇಡಿ. ಕುಟ್ಟಾಣೀಲಿ ಉಪ್ಪಿನ ಜೊತೆ ಜಜ್ಜಿ, ಮೆಣಸಿನಕಾಯಿ ಬರೀ ಬಾಯಿ ಬಿಡೋವಷ್ಟು, ಶುಂಠಿ ನಾರು ನಾರಾಗಿ ರಸ ಬಿಡೋವಷ್ಟು, ಕರಿಬೇವು ಹರಿದ್ರೆ ಸಾಕು. ಅದನ್ನ ಮಜ್ಜಿಗೆಗೆ ಹಾಕಿ ಅರ್ಧ ಗಂಟೆ ಮುಚ್ಚಿಟ್ಟು ಆಮೇಲೆ ಸೋಸ್ಬೇಕು. ನುಣ್ಣಗೆ ರುಬ್ಬಿ ಹಾಕಿದ್ರೆ ಮಜ್ಜಿಗೆ ಹಸಿರು ಬಣ್ಣಕ್ಕೆ ತಿರುಗಿ ಚಟ್ನಿ ನೀರಿನ ಹಾಗೆ ಆಗತ್ತೆ, ಖಾರ ಪೂರ್ತಿ ಬಿಟ್ಟು ಮಕ್ಕಳು ಮುಟ್ಟೋದೂ ಇಲ್ಲ. ಜಜ್ಜಿ ನೆನೆಸಿದ್ರೆ ಪರಿಮಳ ಮುಂದೆ ಬರತ್ತೆ, ಖಾರ ಹಿಂದೆ ಉಳಿಯತ್ತೆ. ಒಗ್ಗರಣೆ ಹಾಕ್ಬೇಕಾ ಬೇಡ್ವಾ ಅಂತ ಮನೆಮನೇಲೂ ಜಗಳ, ನಮ್ಮಮ್ಮ ಸಾಸಿವೆ ಇಂಗಿನ ಒಗ್ಗರಣೆ ಇಲ್ದೆ ಮಜ್ಜಿಗೇನೇ ಅಲ್ಲ ಅಂತಾರೆ, ನನ್ ಪ್ರಕಾರ ಅನ್ನಕ್ಕೆ ಕಲಸ್ಕೊಳ್ಳೋಕೆ ಒಗ್ಗರಣೆ ಸರಿ, ಲೋಟದಲ್ಲಿ ಕುಡಿಯೋಕೆ ಬೇಡ, ಎಣ್ಣೆ ತೇಲತ್ತೆ.

ಅಳತೆ ಒಂದು ಕಪ್ ಮೊಸರಿಗೆ ಮೂರು ಕಪ್ ನೀರು. ಬಿಸಿಲು ಜೋರಿದ್ರೆ ನಾಲ್ಕು. ಇದರಲ್ಲಿ ಹಾಲಿನ ಸಹಜ ಸಕ್ಕರೆ ಒಂದು ಲೋಟಕ್ಕೆ ಮೂರು ಗ್ರಾಂ ಆಸುಪಾಸು ಬಿಟ್ರೆ ಹೊರಗಿಂದ ಹಾಕಿದ್ದು ಸೊನ್ನೆ. ಬೆವರಿದಾಗ ನೀರಿನ ಜೊತೆ ಉಪ್ಪಿನಂಶಾನೂ ಹೋಗಿರತ್ತೆ, ಮಜ್ಜಿಗೆಗೆ ಹಾಕೋ ಉಪ್ಪು ಅದನ್ನ ಸ್ವಲ್ಪ ತುಂಬತ್ತೆ, ಮೊಸರಲ್ಲಿ ಪೊಟ್ಯಾಸಿಯಂ ಕ್ಯಾಲ್ಸಿಯಂ ಇದ್ದೇ ಇದೆ. ಬಿಸಿಲಲ್ಲಿ ಗದ್ದೆ ಕೆಲ್ಸ ಮಾಡೋರು ತಲೆತಲಾಂತರದಿಂದ ಮಜ್ಜಿಗೆ ಕುಡ್ಕೊಂಡ್ ಬಂದಿರೋದಕ್ಕೆ ಅರ್ಥ ಇದೆ. ಹೊರಗಡೆ ಇದ್ದಾಗ ನಂದಿನಿ ಮಸಾಲೆ ಮಜ್ಜಿಗೆ ಪ್ಯಾಕೆಟ್ ತಗೋಬಹುದು, ಬಸ್ ಸ್ಟ್ಯಾಂಡಲ್ಲಿ ಕೋಲಾಗಿಂತ ಅದು ಎಷ್ಟೋ ವಾಸಿ, ಆದ್ರೆ ಮನೇದರ ಶುಂಠಿ ಘಾಟು ಅದರಲ್ಲಿ ಹುಡುಕ್ಬೇಡಿ.

ಹಿಂದಿನ ದಿನದ ಹುಳಿ ಮೊಸರು ಮಜ್ಜಿಗೆಗೆ ಒಳ್ಳೇದು, ಮೂರು ದಿನದ್ದಾದ್ರೆ ಬೇಡ. ಮಾಡಿದ ಮಜ್ಜಿಗೆ ಹೊರಗಡೆ ಮಧ್ಯಾಹ್ನದ ತನಕ ಇಟ್ರೆ ಏಪ್ರಿಲ್ ಸೆಖೇಲಿ ಹುಳಿ ಏರಿ ಬಿಡತ್ತೆ, ಫ್ರಿಜ್ಜಲ್ಲಿಟ್ಟು ಅದೇ ದಿನ ಮುಗಿಸಿ.

ಎರಡನೇದು ಮುರುಗಲು. ಶಿರಸಿ ಸಿದ್ದಾಪುರ ಕಡೆ ಮುರುಗಲು, ಮಂಗಳೂರು ಉಡುಪಿ ಕಡೆ ಪುನರ್ಪುಳಿ, ಬೆಂಗಳೂರಿನ ಅಂಗಡೀಲಿ ಕೋಕಂ ಅಂತ ಕೇಳಿದ್ರೆ ಕೊಡ್ತಾರೆ, ಎಲ್ಲ ಒಂದೇ ಮರದ ಹಣ್ಣು, ಪಶ್ಚಿಮ ಘಟ್ಟದ್ದು. ಇದರ ದಾಯಾದಿ ಉಪ್ಪಾಗೆ ಅಂತ ಇನ್ನೊಂದಿದೆ, ಅದು ಸೀಳು ಸೀಳಾಗಿ ಕಪ್ಪಗಿರತ್ತೆ, ಅದು ಬೇರೆ, ಈ ಕೆಂಪು ಬಣ್ಣ ಅದರಲ್ಲಿ ಬರಲ್ಲ, ತಗೊಳ್ಳುವಾಗ ನೋಡ್ಕೊಳ್ಳಿ. ನಮ್ಮತ್ತೆ ಶಿರಸಿ ಕಡೆಯೋರು, ಬೇಸಿಗೆ ಕೊನೇಲಿ ಹಣ್ಣು ಬಿದ್ದಾಗ ಹೋಳು ಮಾಡಿ ಬೀಜ ತೆಗೆದು ಸಿಪ್ಪೆನ ಬಿಸಿಲಲ್ಲಿ ಒಣಗಿಸಿ ಡಬ್ಬ ತುಂಬಿಸಿ ಕಳಿಸ್ತಾರೆ, ಬೀಜಾನೂ ಎಸೆಯಲ್ಲ, ಅದರಿಂದ ತುಪ್ಪದ ಹಾಗೆ ಗಟ್ಟಿಯಾಗೋ ಎಣ್ಣೆ ತೆಗೀತಾರೆ, ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಹಚ್ಚೋದು ಅದನ್ನೇ.

ಮಾಡೋ ವಿಧಾನ ಸುಲಭ ಅಂದ್ರೆ ಸುಲಭ. ಒಂದು ಹಿಡಿ ಒಣ ಸಿಪ್ಪೆ ತೊಳೆದು ಎರಡು ಲೋಟ ನೀರಲ್ಲಿ ರಾತ್ರಿ ನೆನೆಹಾಕಿ. ಬೆಳಗ್ಗೆ ನೋಡಿದ್ರೆ ನೀರು ಗಾಢ ಕೆಂಪು, ಲೋಟ ಬೆಳಕಿಗೆ ಹಿಡಿದ್ರೆ ಅಂಚಲ್ಲಿ ನೇರಳೆ ಬಣ್ಣ ಕಾಣತ್ತೆ, ಸಿಪ್ಪೆ ಮೆತ್ತಗಾಗಿ ಚರ್ಮದ ಹಾಗೆ ಜಾರತ್ತೆ. ಕೈಯಲ್ಲಿ ಚೆನ್ನಾಗಿ ಕಿವುಚಿ ಹಿಂಡಿ ಸೋಸಿದ್ರೆ ಸಾರ ಸಿಗತ್ತೆ, ಇದು ಫ್ರಿಜ್ಜಲ್ಲಿ ಮೂರು ನಾಲ್ಕು ದಿನ ಆರಾಮಾಗಿರತ್ತೆ. ಕುಡಿಯುವಾಗ ಕಾಲು ಲೋಟ ಸಾರಕ್ಕೆ ಮುಕ್ಕಾಲು ಲೋಟ ತಣ್ಣೀರು, ಚಿಟಿಕೆ ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ, ನಾಲ್ಕು ಕಾಳು ಮೆಣಸು ಕುಟ್ಟಿ ಹಾಕಿ. ಮಕ್ಕಳಿಗೆ ಶುರೂಲಿ ಎರಡು ಟೀ ಚಮಚ ಸಕ್ಕರೆನೋ ಬೆಲ್ಲಾನೋ ಹಾಕ್ಬೇಕಾಗತ್ತೆ, ಎರಡು ಚಮಚ ಅಂದ್ರೆ 8 ಗ್ರಾಂ, ಅಷ್ಟೇ ಲೋಟ ಕೋಲಾದ ಮೂರರಲ್ಲಿ ಒಂದು ಪಾಲು ಕೂಡ ಆಗಲ್ಲ. ಆಮೇಲೆ ವಾರ ಕಳೀತಾ ಒಂದೂವರೆ, ಒಂದು, ಅರ್ಧ ಅಂತ ಇಳಿಸ್ಬಹುದು, ಯಾರ್ಗೂ ಗೊತ್ತಾಗಲ್ಲ.

ಮುರುಗಲಿಗೆ ನಾನು ಇಷ್ಟು ಮಾರ್ಕ್ಸ್ ಕೊಡೋಕೆ ಇನ್ನೊಂದು ಕಾರಣ ಇದೆ. ಕೋಲಾ ರೂಢಿ ಆದ ನಾಲಿಗೆಗೆ ಬೇಕಾಗಿರೋದು ಆ ಚುರುಕು ಹುಳಿ, ಗಾಢ ಬಣ್ಣ, ಕುಡಿದ್ಮೇಲೆ ಬಾಯಲ್ಲಿ ಉಳಿಯೋ ಒಗರು. ಮಜ್ಜಿಗೇಲಿ ಇದು ಸಿಗಲ್ಲ, ಮುರುಗಲಲ್ಲಿ ಮೂರೂ ಸಿಗತ್ತೆ. ನಮ್ಮನೇಲಿ ಕ್ರಿಕೆಟ್ ಆಡಿ ಬರೋ ಹೈಸ್ಕೂಲ್ ಹುಡುಗ ಮಜ್ಜಿಗೆ ಕೊಟ್ರೆ ಮುಖ ತಿರುಗಿಸ್ತಿದ್ದ, ಇದನ್ನ ಮಾತ್ರ ತಾನೇ ಬಾಟ್ಲಿ ತೆಗೆದು ಬಗ್ಗಿಸ್ಕೋತಾನೆ. ಗ್ಯಾಸ್ ಬೇಕೇ ಬೇಕು ಅಂತ ಹಟ ಮಾಡೋರಿಗೆ ಸಾರಕ್ಕೆ ನೀರಿನ ಬದ್ಲು ಸಿಹಿ ಇಲ್ಲದ ಪ್ಲೇನ್ ಸೋಡಾ ಹಾಕಿ ಕೊಡಿ. ಸೋಡಾ ಅನ್ನೋ ಬುರುಬುರು ನೀರಿನ ಮೇಲೆ ನಂಗೇನೂ ಸಿಟ್ಟಿಲ್ಲ, ಅದು ಒತ್ತಡ ಹಾಕಿ ಇಂಗಾಲದ ಡೈಆಕ್ಸೈಡ್ ತುಂಬಿದ ನೀರು ಅಷ್ಟೇ, ನಮ್ಮ ಗೋಲಿ ಸೋಡಾಗೆ ನಿಂಬೆ ಉಪ್ಪು ಹಾಕಿ ಕುಡಿದ್ರೆ ಅದರಲ್ಲಿ ಸಕ್ಕರೆ ಎಲ್ಲಿಂದ ಬರ್ಬೇಕು? ತಕರಾರಿರೋದು ಅದರಲ್ಲಿ ಕರಗಿಸಿರೋ ಸಕ್ಕರೆ ಮೇಲೆ.

ಈಗ ಸಿರಪ್ ಬಾಟ್ಲಿಗೆ ಒಂದು ಮಾರ್ಕ್ಸ್ ಯಾಕೆ ಅಂತ. ಕರಾವಳಿ ಕಡೆ ಟೂರ್ ಹೋದೋರೆಲ್ಲ ತರೋದು ಇದನ್ನೇ, ನಾನೂ ತಂದಿದ್ದೆ, ಲೇಬಲ್ ಮೇಲೆ ಹಣ್ಣಿನ ಚಿತ್ರ, ಎಲೆ ಚಿತ್ರ, "ಅಜ್ಜಿ ಮನೆ ರುಚಿ" ಅನ್ನೋ ಥರದ್ದೊಂದು ಸಾಲು. ತಿರುಗಿಸಿ ಹಿಂದೆ ನೋಡಿದ್ರೆ ಪದಾರ್ಥಗಳ ಪಟ್ಟೀಲಿ ಮೊದಲನೇ ಹೆಸರು ಸಕ್ಕರೆ. ಪ್ಯಾಕೆಟ್ ಮೇಲೆ ಪದಾರ್ಥಗಳನ್ನ ತೂಕದ ಲೆಕ್ಕದಲ್ಲಿ ಹೆಚ್ಚಿನಿಂದ ಕಮ್ಮಿಗೆ ಬರೀಬೇಕು ಅಂತ ನಿಯಮಾನೇ ಇದೆ, ಹಾಗಾಗಿ ಸಕ್ಕರೆ ಮೊದಲು ಬಂದ್ರೆ ಒಳಗೆ ಹಣ್ಣಿಗಿಂತ ಸಕ್ಕರೆ ಜಾಸ್ತಿ ಅಂತಾನೇ ಅರ್ಥ. ನೀವೇ ಲೆಕ್ಕ ಹಾಕಿ, ಸಿರಪ್ಪಲ್ಲಿ 100 ಮಿಲಿಗೆ 60 ಗ್ರಾಂ ಸಕ್ಕರೆ ಇದೆ ಅಂತಿಟ್ಕೊಳ್ಳಿ, 50 ಮಿಲಿ ಸಿರಪ್‌ಗೆ 200 ಮಿಲಿ ನೀರು ಬೆರೆಸಿದ್ರೆ ಲೋಟದಲ್ಲಿ 30 ಗ್ರಾಂ, ಅಂದ್ರೆ ಅಷ್ಟೇ ಕೋಲಾಗಿಂತ ಜಾಸ್ತಿ! ದುಡ್ಡು ಕೊಟ್ಟು, ಆರೋಗ್ಯ ಅಂತ ನಂಬ್ಕೊಂಡು, ಮಕ್ಕಳಿಗೆ ಧಾರಾಳವಾಗಿ ಕುಡಿಸೋ ವಸ್ತು ಇದು, ಅದಕ್ಕೇ ನಂಗೆ ಇದರ ಮೇಲೆ ಕೋಲಾಗಿಂತ ಜಾಸ್ತಿ ಕೋಪ. ಎಲ್ಲ ಕಂಪನೀದೂ ಹೀಗೇ ಅಂತ ಹೇಳ್ತಿಲ್ಲ, ಸಕ್ಕರೆ ಹಾಕದ ಬರೀ ಸಾರಾನೂ ಕೆಲವು ಕಡೆ ಮಾರ್ತಾರೆ, ಕಪ್ಪು ಕೆಂಪು ಬಣ್ಣಕ್ಕೆ ನೀರಿನ ಹಾಗೆ ತೆಳ್ಳಗಿರತ್ತೆ, ಸಿಕ್ರೆ ಬಿಡ್ಬೇಡಿ. ಮಂದವಾಗಿ ಜೇನಿನ ಥರ ಬೀಳ್ತಿದ್ರೆ ಅದು ಪಾಕ ಅಂತಾನೇ ತಿಳ್ಕೊಳ್ಳಿ.

ಅಪ್ಪೆಹುಳಿ ಬಗ್ಗೆ ಬೆಂಗಳೂರು ಮೈಸೂರು ಕಡೆಯೋರಿಗೆ ಅಷ್ಟು ಗೊತ್ತಿಲ್ಲ, ಉತ್ತರ ಕನ್ನಡ, ಸಾಗರ ಕಡೆ ಮದುವೆ ಊಟಕ್ಕೆ ಹೋದೋರಿಗೆ ಗೊತ್ತಿರತ್ತೆ. ಕಾಡಿನ ಅಪ್ಪೆಮಿಡಿ ಮಾವು, ಉಪ್ಪಿನಕಾಯಿಗೆ ಹೆಸರುವಾಸಿ ಆದ ಅದೇ ಮಿಡಿ, ಜಿಐ ಟ್ಯಾಗ್ (ಇದು ಈ ಪ್ರದೇಶದ್ದೇ ಅನ್ನೋ ಸರ್ಕಾರಿ ಗುರುತು) ಕೂಡ ಸಿಕ್ಕಿದೆ ಅದಕ್ಕೆ, ಅದನ್ನ ಬೇಯಿಸಿ ಕಿವುಚಿ ಧಾರಾಳ ನೀರು ಬೆರೆಸಿ ಉಪ್ಪು ಹಾಕಿ ತೆಂಗಿನೆಣ್ಣೇಲಿ ಸಾಸಿವೆ, ಇಂಗು, ಮೆಣಸಿನ ಒಗ್ಗರಣೆ ಕೊಟ್ರೆ ಆಯ್ತು. ನೋಡೋಕೆ ಬರೀ ನೀರು, ಕುಡಿದ್ರೆ ಮಾವಿನ ಸೊನೆ ಪರಿಮಳ ನೆತ್ತಿಗೇರತ್ತೆ. ಊಟದ ಕೊನೇಲಿ ಲೋಟಗಟ್ಲೆ ಕುಡೀತಾರೆ, ಕುಡಿದ್ಮೇಲೆ ನಿದ್ದೆ ಬರತ್ತೆ ಅನ್ನೋದು ಆ ಕಡೆಯೋರ ಅನುಭವ, ನಮ್ಮನೇಲೂ ಭಾನುವಾರ ಮಧ್ಯಾಹ್ನ ಇದನ್ನ ಮಾಡಿದ್ರೆ ಮೂರು ಗಂಟೆ ತನಕ ಯಾರೂ ಏಳಲ್ಲ. ಮಿಡಿ ಸಿಗದಿದ್ರೆ ಮಾಮೂಲಿ ಹುಳಿ ಮಾವಿನಕಾಯಲ್ಲೂ ಮಾಡ್ಬಹುದು, ಪರಿಮಳ ಅರ್ಧಕ್ಕಿಳಿಯತ್ತೆ, ಆದ್ರೂ ಚೆನ್ನಾಗೇ ಇರತ್ತೆ. ತೋತಾಪುರಿ ಬೇಡ, ಹುಳಿ ಸಾಲಲ್ಲ. ಒಂದು ಮಾರ್ಕ್ಸ್ ಕಟ್ ಮಾಡಿದ್ದು ಎಣ್ಣೆ ಒಗ್ಗರಣೆ ಇರೋದ್ರಿಂದ ಐಸ್ ಕೋಲ್ಡ್ ಮಾಡಿ ಕುಡಿಯೋಕಾಗಲ್ಲ, ಬಾಟ್ಲೀಲಿ ಹೊತ್ಕೊಂಡು ಹೋಗೋಕೂ ಆಗಲ್ಲ ಅಂತ.

ರಾಗಿ ಅಂಬಲಿ. ಇದನ್ನ ಸೋಡಾ ಬದಲಿ ಅಂತ ಕೊಡೋದಕ್ಕಿಂತ ಹನ್ನೊಂದು ಗಂಟೆ ಹೊತ್ತಿಗೆ ಬಿಸ್ಕೆಟ್ಟು ಕೋಲಾ ಎರಡರ ಬದಲಿಗೂ ಕೊಡಿ, ಆಗ ಇದರ ಬೆಲೆ ಗೊತ್ತಾಗತ್ತೆ. ಎರಡು ಚಮಚ ರಾಗಿ ಹಿಟ್ಟನ್ನ ತಣ್ಣೀರಲ್ಲಿ ಗಂಟಿಲ್ದೆ ಕದಡಿ, ಕುದಿಯೋ ನೀರಿಗೆ ಬಿಟ್ಟು, ಕೈ ಬಿಡದೆ ತಿರುವಿ, ಹಸಿ ವಾಸನೆ ಹೋಗಿ ಹೊಳಪು ಬರೋ ತನಕ ಬೇಯಿಸ್ಬೇಕು. ತಣ್ಣಗಾದ್ಮೇಲೆ ಮಜ್ಜಿಗೆ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ. ರಾತ್ರಿ ಮಾಡಿ ಮಡಕೇಲಿ ಮುಚ್ಚಿಟ್ಟು ಬೆಳಗ್ಗೆ ಕುಡಿದ್ರೆ ಸ್ವಲ್ಪ ಹುಳಿ ಬಂದು ಇನ್ನೂ ರುಚಿ, ಹೀಗೆ ಹುದುಗಿದಾಗ ರಾಗಿಯಲ್ಲಿರೋ ಫೈಟೇಟ್ ಅನ್ನೋ ಅಂಶ ಕಮ್ಮಿ ಆಗಿ ಕಬ್ಬಿಣ ಕ್ಯಾಲ್ಸಿಯಂ ಮೈಗೆ ಹತ್ತೋದೂ ಸುಲಭ ಆಗತ್ತೆ. 100 ಗ್ರಾಂ ರಾಗೀಲಿ 300 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಹತ್ರಾನೂ ಬರಲ್ಲ. ಸಿಹಿ ಬೇಕು ಅನ್ನೋರು ಮಲೆನಾಡು ಕರಾವಳಿ ಕಡೆ ಮಾಡೋ ರಾಗಿ ಹಾಲು ಮಾಡ್ಕೊಳ್ಳಿ, ನೆನೆಸಿದ ರಾಗೀನ ರುಬ್ಬಿ ಬಟ್ಟೇಲಿ ಹಿಂಡಿ ಬೆಲ್ಲ ಏಲಕ್ಕಿ ಹಾಕೋದು, ಬೇಯಿಸೋದೇ ಬೇಡ, ಆದ್ರೆ ಬೇಯಿಸದೇ ಇರೋದ್ರಿಂದ ಕಾಯಿಸಿ ಆರಿಸಿದ ನೀರೇ ಬಳಸಿ, ಮಾಡಿದ ತಕ್ಷಣ ಕುಡಿದ್ಬಿಡಿ.

ಪಾನಕದ ವಿಷ್ಯ ಮನಸ್ಸಿಗೆ ಸ್ವಲ್ಪ ಕಷ್ಟ, ಯಾಕಂದ್ರೆ ನಂಗೆ ಎಲ್ಲಕ್ಕಿಂತ ಇಷ್ಟ ಇದೇ. ರಾಮನವಮಿ ದಿನ ಬೆಲ್ಲದ ಪಾನಕ, ನೀರು ಮಜ್ಜಿಗೆ, ಕೋಸಂಬರಿ, ಮೈಸೂರಲ್ಲಿ ನಮ್ಮ ಬೀದೀಲಿ ಪೆಂಡಾಲ್ ಹಾಕಿ ಹೋಗೋರು ಬರೋರಿಗೆಲ್ಲ ಕೊಡ್ತಿದ್ರು, ಶುಂಠಿ ಮೆಣಸು ಏಲಕ್ಕಿ ನಿಂಬೆ ಬೆಲ್ಲ ಐದೂ ಸೇರಿದ ಆ ರುಚಿಗೆ ಯಾವ ಬಾಟ್ಲಿ ಸಮ? ಬೇಲದ ಹಣ್ಣಿನ ಪಾನಕ ಅಂತೂ ಈಗ ಮಾಡೋರೇ ಕಮ್ಮಿ, ಗಟ್ಟಿ ಕರಟ ಒಡೆದ್ರೆ ಒಳಗೆ ಕಂದು ಬಣ್ಣದ ತಿರುಳು, ಆ ವಾಸನೆ ಕೆಲವರಿಗೆ ಆಗಲ್ಲ, ಆದೋರಿಗೆ ಬಿಡೋಕಾಗಲ್ಲ, ಮಾರ್ಕೆಟ್ಟಲ್ಲಿ ಕಂಡ್ರೆ ಒಂದು ತಗೊಂಡ್ಬನ್ನಿ. ಕರಬೂಜ ಪಾನಕದಲ್ಲಿ ಹಣ್ಣೇ ಸಿಹಿ ಇರೋದ್ರಿಂದ ಬೆಲ್ಲ ಬಿಟ್ರೂ ನಡಿಯತ್ತೆ, ಹಣ್ಣು ಪೂರ್ತಿ ಹಣ್ಣಾಗಿರ್ಬೇಕು ಅಷ್ಟೇ.

ಆದ್ರೆ ಬೆಲ್ಲದಲ್ಲಿ ಹೆಚ್ಚು ಪಾಲು ಸಕ್ಕರೇನೇ ಇರೋದು. ಕಬ್ಬಿಣ ಇದೆ, ಖನಿಜ ಇದೆ ಅಂತ ಹೇಳ್ತಾರೆ, ಇದೆ ನಿಜ, ಆದ್ರೆ ಒಂದು ಲೋಟ ಪಾನಕಕ್ಕೆ ಹಾಕೋ ಬೆಲ್ಲದಲ್ಲಿ ಸಿಗೋ ಖನಿಜಕ್ಕೋಸ್ಕರ ಅಷ್ಟು ಸಕ್ಕರೆ ಕುಡಿಯೋದು ಲೆಕ್ಕಕ್ಕೆ ಬರಲ್ಲ. ಶುಗರ್ ಇರೋ ಅಪ್ಪ ಅಮ್ಮನಿಗೆ "ಬೆಲ್ಲ ತಾನೇ, ಏನಾಗಲ್ಲ" ಅಂತ ಕೊಡೋದನ್ನ ದಯವಿಟ್ಟು ನಿಲ್ಸಿ, ಬೆಲ್ಲಾನೂ ರಕ್ತದಲ್ಲಿ ಸಕ್ಕರೆ ಏರ್ಸತ್ತೆ. ನಾನು ಮಾಡೋದು ಲೋಟಕ್ಕೆ ಎರಡು ಟೀ ಚಮಚ ಬೆಲ್ಲದ ಪುಡಿ, ಶುಂಠಿ ಮೆಣಸು ಜಾಸ್ತಿ, ನಿಂಬೆ ಧಾರಾಳ, ಒಂದು ಕಾಳು ಉಪ್ಪು, ಹಬ್ಬದ ಪಾನಕದಷ್ಟು ಸಿಹಿ ಇರಲ್ಲ ಆದ್ರೆ ಘಾಟಾಗಿ ಚೆನ್ನಾಗಿರತ್ತೆ. ಬೆಲ್ಲ ತಗೊಳ್ಳುವಾಗ ಹಳದಿ ಬಿಳುಪು ಹೊಳೆಯೋ ಅಚ್ಚಿಗೆ ಮರುಳಾಗ್ಬೇಡಿ, ಬಣ್ಣ ತಿಳಿ ಮಾಡೋಕೆ ಕೆಮಿಕಲ್ ಹಾಕೋ ಆಲೆಮನೆಗಳಿವೆ, ಕಂದು ಬಣ್ಣದ್ದೇ ವಾಸಿ.

ಉಳಿದವು ಬೇಗ ಹೇಳಿ ಮುಗಿಸ್ತೀನಿ. ಎಳ್ಳು ನೀರು, ಹುರಿದ ಎಳ್ಳು ರುಬ್ಬಿ ಬೆಲ್ಲ ಏಲಕ್ಕಿ ಹಾಕೋದು, ಸೊಗಸಾಗಿರತ್ತೆ ಆದ್ರೆ ಹೊಟ್ಟೆ ತುಂಬೋ ಪಾನೀಯ, ದಾಹಕ್ಕಲ್ಲ. ಹೆಸರುಕಾಳು ಹುರಿದು ರುಬ್ಬಿದ ಪಾನಕಾನೂ ಅದೇ ಸಾಲಿಗೆ. ಲಾವಂಚದ ಬೇರು ತೊಳೆದು ಕುಡಿಯೋ ನೀರಿನ ಮಡಕೇಲಿ ಹಾಕಿಟ್ರೆ ನೀರೇ ಪರಿಮಳ ಆಗತ್ತೆ, ಒಂದು ಕಾಳು ಸಕ್ಕರೆ ಬೇಡ, ಖರ್ಚೂ ಕಮ್ಮಿ, ಮಡಕೆ ಹೊರಮೈಯಿಂದ ನೀರು ಆವಿಯಾಗ್ತಾ ಒಳಗಿನ ನೀರು ತಣ್ಣಗಾಗಿರತ್ತೆ, ಫ್ರಿಜ್ ನೀರು ಗಂಟಲಿಗಾಗದೋರಿಗೆ ಇದಕ್ಕಿಂತ ಒಳ್ಳೇದು ನಂಗೊತ್ತಿಲ್ಲ. ಕಾಮಕಸ್ತೂರಿ ಬೀಜ ನೀರಲ್ಲಿ ಹಾಕಿದ ಹತ್ತು ಹದಿನೈದು ನಿಮಿಷಕ್ಕೆ ಲೋಳೆ ಕಟ್ಕೊಂಡು ಉಬ್ಬತ್ತೆ, ಮುರುಗಲ ನೀರಿಗೋ ನಿಂಬೆ ನೀರಿಗೋ ಒಂದು ಚಮಚ ಹಾಕಿದ್ರೆ ಮಕ್ಕಳಿಗೆ ಖುಷಿ, ತೀರಾ ಪುಟ್ಟ ಮಕ್ಕಳಿಗೆ ಮಾತ್ರ ಬೇಡ, ಗಂಟಲಲ್ಲಿ ಸಿಕ್ಕೋಬಹುದು, ದೊಡ್ಡೋರಿಗೂ ಪೂರ್ತಿ ಉಬ್ಬಿದ್ಮೇಲೇನೇ ಕೊಡಿ. ಸೊಗದೆ ಬೇರಿನ ಶರಬತ್ತು ಪರಿಮಳಕ್ಕೆ ನಂಗೆ ಪ್ರಾಣ, ಆದ್ರೆ ಹೊರಗಡೆ ಸಿಗೋದು ಬಹುಪಾಲು ಪಾಕವೇ, ಬೇರು ತಂದು ಮನೇಲಿ ಕುದಿಸ್ಕೊಂಡ್ರೆ ಮಾತ್ರ ತಗೊಳ್ಳಿ.

ಮನೆ ಪಾನೀಯ ಅಂದ್ರೆ ಎಲ್ರಿಗೂ ಎಲ್ಲಾನೂ ಸರಿ ಅಂತ ಅಂದ್ಕೋಬೇಡಿ. ಬಿಪಿ ಇರೋರು, ಕಿಡ್ನಿ ತೊಂದ್ರೆ ಇರೋರು ಉಪ್ಪಿನ ಮಜ್ಜಿಗೆ, ಉಪ್ಪಿನ ಮುರುಗಲು ಲೋಟಗಟ್ಲೆ ಕುಡಿಯೋ ಮುಂಚೆ ಡಾಕ್ಟರನ್ನ ಕೇಳಿ, ಉಪ್ಪಿಲ್ಲದ ಮಜ್ಜಿಗೇಗೂ ಶುಂಠಿ ಕರಿಬೇವು ರುಚಿ ಕೊಡತ್ತೆ. ವಾಂತಿ ಭೇದಿ ಆದಾಗ ಇವು ಯಾವ್ದೂ ಓಆರ್‌ಎಸ್ ಜಾಗಕ್ಕೆ ಬರಲ್ಲ, ಅದರಲ್ಲಿ ಒಂದು ಲೀಟರಿಗೆ ಇಷ್ಟೇ ಉಪ್ಪು ಇಷ್ಟೇ ಗ್ಲೂಕೋಸ್ ಅಂತ ನಿಗದಿ ಅಳತೆ ಇದೆ, ಮೆಡಿಕಲ್ ಶಾಪಲ್ಲಿ ಪ್ಯಾಕೆಟ್ ಸಿಗತ್ತೆ ಅದನ್ನೇ ಕೊಡಿ. ನಿಂಬೆ, ಮುರುಗಲು, ಮಾವು ಎಲ್ಲ ಆಮ್ಲಾನೇ, ದಿನಪೂರ್ತಿ ಸ್ವಲ್ಪ ಸ್ವಲ್ಪ ಗುಟುಕರಿಸ್ತಾ ಇದ್ರೆ ಹಲ್ಲಿಗೆ ಸೋಡಾದಷ್ಟೇ ತೊಂದ್ರೆ ಕೊಡತ್ತೆ, ಒಂದೇ ಸಲ ಕುಡಿದು ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ. ಹುಳಿ ಇರೋದ್ಯಾವ್ದನ್ನೂ ತಾಮ್ರ ಹಿತ್ತಾಳೆ ಅಲ್ಯೂಮಿನಿಯಂ ಪಾತ್ರೇಲಿ ಇಡ್ಬೇಡಿ, ಸ್ಟೀಲು, ಗಾಜು, ಮಣ್ಣು ಮೂರೇ. ಐಸ್ ಹೊರಗಿಂದು ಬೇಡವೇ ಬೇಡ.

ಶುರು ಮಾಡೋರಿಗೆ ನನ್ನ ಸಲಹೆ, ಮೊದಲ ವಾರಾನೇ ಎಲ್ಲ ಮಾಡೋಕೆ ಹೋಗ್ಬೇಡಿ, ಸುಸ್ತಾಗಿ ಬಿಟ್ಬಿಡ್ತೀರ. ಭಾನುವಾರ ರಾತ್ರಿ ಮುರುಗಲ ಸಿಪ್ಪೆ ನೆನೆಹಾಕಿ, ಸೋಮವಾರ ಬೆಳಗ್ಗೆ ಸೋಸಿ ಬಾಟ್ಲಿ ತುಂಬಿ ಕೋಲಾ ಇರ್ತಿದ್ದ ಜಾಗದಲ್ಲೇ ಇಡಿ, ಪಕ್ಕದಲ್ಲಿ ಉಪ್ಪು ಜೀರಿಗೆ ಮೆಣಸು ಬೆರೆಸಿದ ಪುಡಿ ಡಬ್ಬ ಒಂದು. ಬಾಯಾರಿ ಬಂದೋರು ಫ್ರಿಜ್ ತೆಗೆದಾಗ ಕೈಗೆ ಸಿಕ್ಕಿದ್ದನ್ನ ಕುಡೀತಾರೆ, ಹೊಸದಾಗಿ ಕುಟ್ಟಿ ಕಡೆದು ಮಾಡ್ಕೊಂಡು ಯಾರೂ ಕುಡಿಯಲ್ಲ. ಮಜ್ಜಿಗೆ ಮಧ್ಯಾಹ್ನಕ್ಕೆ, ಆಫೀಸಿಗೆ ಒಯ್ಯೋರು ಫ್ಲಾಸ್ಕಲ್ಲಿ ಐಸ್ ಎರಡು ತುಂಡು ಹಾಕಿ ಒಯ್ಯಿರಿ. ಒಣ ಸಿಪ್ಪೆ ತಗೊಳ್ಳುವಾಗ ಮುರಿದು ನೋಡಿ, ಮೆತ್ತಗೆ ಬಗ್ಗಿ ಒಳಗೆ ಕೆಂಪು ಕಂಡ್ರೆ ಈ ವರ್ಷದ್ದು, ಪಟ್ ಅಂತ ಮುರಿದು ಒಳಗೂ ಕಪ್ಪಿದ್ರೆ ಹಳೇದು, ಬಣ್ಣ ಬಿಡಲ್ಲ. ಉಪ್ಪು ಹಾಕಿ ಒಣಗಿಸಿದ್ದೂ ಸಿಗತ್ತೆ, ಅದಾದ್ರೆ ಲೋಟಕ್ಕೆ ಮತ್ತೆ ಉಪ್ಪು ಹಾಕೋ ಮುಂಚೆ ರುಚಿ ನೋಡಿ. ಹೊಸ ಸಿಪ್ಪೆ ಬರೋದು ಮೇ ಕೊನೆಗೆ, ಆಗ ವರ್ಷಕ್ಕಾಗೋವಷ್ಟು ತಗೊಂಡು ಗಾಜಿನ ಡಬ್ಬೀಲಿ ಒಣಗಿರೋ ಜಾಗದಲ್ಲಿ ಇಟ್ರೆ ಮುಂದಿನ ಬೇಸಿಗೆ ತನಕ ಏನೂ ಆಗಲ್ಲ.